ರೆಕ್ಸಿನ್ ಸೀಟಿನ ಕೂಪೆ

“ಉಳಿದ ಎರಡು ಬಾಗಿಲು ಎಲ್ಲಿ?” ಕಾರಿಗೆ ಒಂದು ಸುತ್ತು ಬಂದು ವಿಷ್ಣುಮೂರ್ತಿ ಭಟ್ಟರು ಕೇಳಿದರು.

ಕಾಪುವಿನ ಹೆದ್ದಾರಿ ಬದಿಯಲ್ಲಿ ಹಳೆಯ ಕಾರುಗಳನ್ನು ಮಾರುವ ಫೌಸ್ಟಿನ್ ನಗು ತಡೆದುಕೊಂಡ. “ಇದು ಕೂಪೆ ಭಟ್ರೇ, ಇರುವುದೇ ಎರಡು. ಇಂಥ ಗಾಡಿಗೆ ಬಾಗಿಲು ಕಡಿಮೆ ಆದಷ್ಟು ಮರ್ಯಾದೆ ಜಾಸ್ತಿ.”

“ರೇಟೂ ಜಾಸ್ತಿಯಾ?”

“ಅದೂ ಉಂಟು.”

ಭಟ್ಟರ ಮಗ ವಿನೀತನಿಗೆ ಈ ಮಾತು ಯಾವುದೂ ಕೇಳಿಸಲಿಲ್ಲ. ಅವನು ಬಾನೆಟ್ ಸವರುತ್ತಾ ನಿಂತಿದ್ದ. ಮಣಿಪಾಲದ ಕಾಲೇಜಿನಲ್ಲಿ ಪಾಠ ಮಾಡುವ ಅವನು ಹೊಸ ಸಣ್ಣ ಕಾರಿಗೆಂದು ದುಡ್ಡು ಕೂಡಿಟ್ಟಿದ್ದ. ಯಾರೋ ಡಾಕ್ಟರು ಮಾರಿದ ಈ ಕರಿಯ ಡೀಸೆಲ್ ಕೂಪೆಯನ್ನು ಕಂಡದ್ದೇ ತಡ, ಸಣ್ಣ ಕಾರು ಮನಸ್ಸಿನಿಂದ ಇಳಿದೇ ಹೋಯಿತು. ಈಗ ಅಡ್ಡಿ ಎರಡು. ಒಂದು, ಅರವತ್ತು ಸಾವಿರ ಕಡಿಮೆ ಬೀಳುತ್ತಿತ್ತು. ಇನ್ನೊಂದು ಅಮ್ಮ.

ದಿನಾ ಬೆಳಿಗ್ಗೆ ಅಪ್ಪನನ್ನು ಪೂಜೆಗೆ ದೇವಸ್ಥಾನಕ್ಕೆ ಬಿಟ್ಟು ಹೋಗುತ್ತೇನೆ ಎಂದು ಹೇಳಿಯೇ ಅವನು ಅಮ್ಮನನ್ನು ಒಪ್ಪಿಸಿದ್ದು. “ಮಿಂದು ಮಡಿಯಲ್ಲಿ ಹೊರಟವರು ಕೂರುವ ಕಾರು. ತೊಗಲು ಗಿಗಲು ಇದ್ದರೆ ಅಂಗಳಕ್ಕೆ ತರಬೇಡ” ಎಂದು ಸುಭಾಷಿಣಿಯಮ್ಮ ಆಗಲೇ ಹೇಳಿದ್ದರು. ಅವರ ಮನೆಯಲ್ಲಿ ಮಗನ ಬೆಲ್ಟಿಗೂ ಜಗಲಿಯ ಮೊಳೆಯೇ ಗತಿ, ಒಳಗೆ ಪ್ರವೇಶವಿಲ್ಲ. ಕೊಟ್ಟ ಕಾಸಿನ ವಿಷಯದಲ್ಲೂ ಅವರು ಅಷ್ಟೇ ಕಟ್ಟುನಿಟ್ಟು. ಬಸಳೆಯ ಕಟ್ಟನ್ನೂ ಬಿಚ್ಚಿ ನೋಡದೆ ಕೊಂಡವರಲ್ಲ.

ವಿನೀತ ಫೌಸ್ಟಿನ್‌ನನ್ನು ಕಾರಿನ ಹಿಂದಕ್ಕೆ ಎಳೆದ. “ಅಪ್ಪನ ಎದುರು ಲೆದರ್ ಅಂತ ಬಾಯಿ ಬಿಡಬೇಡಿ. ಸೀಟು ರೆಕ್ಸಿನ್ ಅನ್ನಿ.”

“ಎಂತ ಮಾರಾಯ್ರೇ! ಒರಿಜಿನಲ್ ಲೆದರ್. ಈ ಗಾಡಿಯ ಮಾನ ಇರುವುದೇ ಅದರಲ್ಲಿ. ರೆಕ್ಸಿನ್ ಅನ್ನಲು ನನ್ನ ನಾಲಗೆ ಹೊರಳುವುದಿಲ್ಲ.”

“ಗಾಡಿ ಹೋಗಬೇಕೋ ಬೇಡವೋ?”

ನಾಲಗೆ ಹೊರಳಿತು. ಭಟ್ಟರು ಬಗ್ಗಿ ಸೀಟನ್ನು ಅಂಗೈಯಿಂದ ಒತ್ತಿ, ಮೂಗು ಹತ್ತಿರ ಒಯ್ದು, “ಇದು ಎಂತದ್ದು?” ಎಂದಾಗ ಫೌಸ್ಟಿನ್ ಆಕಾಶ ನೋಡುತ್ತಾ, “ರೆಕ್ಸಿನ್ ಭಟ್ರೇ. ತೊಗಲಿನ ಸೋಂಕೂ ಇಲ್ಲ” ಎಂದ.

ಭಟ್ಟರು ಸೊಂಟ ನೆಟ್ಟಗೆ ಮಾಡಿಕೊಂಡರು. “ಅಲ್ಲ ಮಾರಾಯ್ರೇ, ನಮ್ಮೂರಿನ ಆಟೋದಲ್ಲಿಯೂ ರೆಕ್ಸಿನ್ನೇ ಇರುವುದು. ಅದಕ್ಕೆ ಬಾಗಿಲೂ ಇಲ್ಲ. ನಿಮ್ಮ ಲೆಕ್ಕದಲ್ಲಿ ಮರ್ಯಾದೆ ಅದಕ್ಕೇ ಜಾಸ್ತಿ ಆಯಿತು. ರೆಕ್ಸಿನ್ ಸೀಟಿಗೆ ಇಷ್ಟು ರೇಟು ಎಂತಕ್ಕೆ? ಅರವತ್ತು ಸಾವಿರ ಬಿಡಿ.”

ಫೌಸ್ಟಿನ್ ವಿನೀತನ ಮುಖ ನೋಡಿದ. ವಿನೀತ ದೂರದ ದೀಪಸ್ತಂಭ ನೋಡಿದ.

“ಇಪ್ಪತ್ತು ಬಿಡಬಹುದು ಭಟ್ರೇ.”

“ಲೆದರ್ ಆಗಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ, ನೋಡಿ.”

ಫೌಸ್ಟಿನ್‌ನ ಬಾಯಿ ಎರಡು ಸಲ ತೆರೆದು ಮುಚ್ಚಿತು. ಕೊನೆಗೆ ಪಾಪ, ಒಪ್ಪಿಕೊಂಡ. ಮುಂಗಡ ತೆಗೆದುಕೊಂಡು, “ಇವತ್ತು ಮನೆಯಲ್ಲಿ ತೋರಿಸಿ, ಉಳಿದದ್ದು ನಾಳೆ ಕೊಡಿ” ಎಂದು ಕೀಲಿಕೈ ಚಾಚುವಾಗ ಅವನ ಮುಖದಲ್ಲಿ ಕಳೆ ಇರಲಿಲ್ಲ.

ಕಾರು ಎರ್ಮಾಳಿನ ಮನೆಯ ಕಡೆ ತೇಲಿಕೊಂಡು ಹೊರಟಿತು. ವಿನೀತನಿಗೆ ಸಂತೋಷದಿಂದ ಹಾಡಬೇಕು ಅನಿಸುತ್ತಿತ್ತು. ಆದರೆ ಪಕ್ಕದಲ್ಲಿ ಕಣ್ಣು ಮುಚ್ಚಿ ಹಾಯಾಗಿ ಒರಗಿದ್ದ ಅಪ್ಪನನ್ನು ನೋಡಿದಾಗ ಹಾಡುವ ಮನಸ್ಸಾಗಲಿಲ್ಲ. ಒಂದಿಷ್ಟು ದೂರ ಹೋದ ಮೇಲೆ ತಡೆಯಲಾಗಲಿಲ್ಲ.

“ಅಪ್ಪಾ, ಅದು ರೆಕ್ಸಿನ್ ಅಲ್ಲ.”

“ಗೊತ್ತುಂಟು ಮಾರಾಯ.” ಭಟ್ಟರು ಕಣ್ಣು ತೆರೆಯಲಿಲ್ಲ. “ದಿನಾ ಜಪಕ್ಕೆ ನಾನು ಕೂರುವುದು ಅಜ್ಜನ ಕಾಲದ ಕೃಷ್ಣಾಜಿನದ ಮೇಲೆ. ಜಿಂಕೆಯ ಚರ್ಮ ಅದು. ನನಗೆ ತೊಗಲು ಗೊತ್ತಾಗುವುದಿಲ್ಲವಾ?”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ದರೆ ಅವನು ಅರವತ್ತು ಬಿಡುತ್ತಿದ್ದನಾ?”

“ನಿಮ್ಮ ಮಡಿ?”

“ದರ್ಭೆಯ ಚಾಪೆ ಉಂಟಲ್ಲ, ಹಾಸಿ ಕೂರುತ್ತೇನೆ. ಅಮ್ಮನಿಗೆ ಮಾತ್ರ ರೆಕ್ಸಿನ್. ನೆನಪಿರಲಿ.”

ಸುಭಾಷಿಣಿಯಮ್ಮ ಆರತಿಯ ತಟ್ಟೆ ಹಿಡಿದು ಅಂಗಳದಲ್ಲೇ ನಿಂತಿದ್ದರು. ಆರತಿ ಎತ್ತುವ ಮೊದಲು ಮಾರು ದೂರದಿಂದಲೇ ಕೇಳಿದರು, “ಸೀಟು ಎಂತದ್ದು?”

“ರೆಕ್ಸಿನ್!” ಅಪ್ಪ, ಮಗ ಒಟ್ಟಿಗೇ ಹೇಳಿದರು.

ಅಮ್ಮನ ಮುಖ ಅರಳಿತು. ಆರತಿ ಮುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ಒಳಗೆ ಹೋಗಿ ಕುಳಿತರು. ಒಮ್ಮೆ ಒರಗಿದರು. ಸೀಟಿನ ಅಂಚನ್ನು ಬೆರಳಲ್ಲಿ ಸವರಿದರು. ವಿನೀತ ಬಾಗಿಲು ಹಿಡಿದು ನಿಂತಿದ್ದ.

“ಒಳ್ಳೆದುಂಟು. ಎಷ್ಟಕ್ಕೆ ಆಯಿತು?”

ಭಟ್ಟರು ಹೆಮ್ಮೆಯಿಂದಲೇ ಹೇಳಿದರು. ಅರವತ್ತು ಸಾವಿರ ಇಳಿಸಿದ್ದನ್ನೂ ಸೇರಿಸಿದರು.

ಸುಭಾಷಿಣಿಯಮ್ಮ ಕುಳಿತಲ್ಲಿಂದಲೇ ಗಂಡನನ್ನೂ ಮಗನನ್ನೂ ಸರದಿಯಲ್ಲಿ ನೋಡಿದರು.

“ಅಷ್ಟು ದುಡ್ಡು ಎಣಿಸಿಕೊಂಡು ಬರೀ ರೆಕ್ಸಿನ್ ಹಾಕಿ ಕಳಿಸಿದನಾ ಅವನು? ನಿಮಗೆ ಇಬ್ಬರಿಗೂ ಚೆನ್ನಾಗಿ ಟೋಪಿ ಹಾಕಿದ. ಈಗಲೇ ತಿರುಗಿಸಿ ಕಾಪುವಿಗೆ. ಒಳ್ಳೆ ತೊಗಲಿನದ್ದೇ ಹಾಕಿಸಿ ಕೊಡಲಿ, ಇಲ್ಲದಿದ್ದರೆ ಕಾರು ಅವನೇ ಇಟ್ಟುಕೊಳ್ಳಲಿ!”