ಹನ್ನೊಂದೂವರೆಯ ಹಿಟ್ಟು

ಗುಂಡ್ಲುಪೇಟೆಯ ಹೈಸ್ಕೂಲಿನಿಂದ ಫೋನು ಬಂದಾಗ ಚಾಮರಾಜನಗರದ ಮನೆಯಲ್ಲಿ ಗಂಗಾಧರಸ್ವಾಮಿಯವರು ಪೂಜೆಗೆ ಕೂರುವ ಮುನ್ನ ಹಣೆಗೆ ವಿಭೂತಿ ಧರಿಸುತ್ತಿದ್ದರು. ಅಲ್ಲಿ ವಿಜ್ಞಾನದ ಮೇಡಂ ಆಗಿದ್ದ ಮಗಳು ಕಾವ್ಯಶ್ರೀ ಬೆಳಗಿನ ಪ್ರಾರ್ಥನೆಗೆ ನಿಂತಿದ್ದವಳು ನಿಂತಲ್ಲೇ ಕುಸಿದಳಂತೆ. ಆಸ್ಪತ್ರೆ ತಲುಪುವ ಹೊತ್ತಿಗೆ ಉಸಿರು ನಿಂತಿತ್ತು. ನಲವತ್ತೇಳು ವರ್ಷ. ಮಧ್ಯಾಹ್ನ ಎರಡರ ಹೊತ್ತಿಗೆ ನಾವೇ ಕರೆತರುತ್ತೇವೆ ಎಂದರು ಹೆಡ್‌ಮಾಸ್ಟರು. ಮುದುಕರು ಬೆರಳಿನಲ್ಲಿ ಉಳಿದ ವಿಭೂತಿಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಕೂತುಬಿಟ್ಟರು.

ಹನ್ನೊಂದು ಗಂಟೆಗೆಲ್ಲ ಮನೆ ತುಂಬಿತು. ತಂಗಿ ಗುರುಮಲ್ಲಮ್ಮ ಬಂದವಳೇ ಅಡುಗೆಮನೆಗೆ ಹೋಗಿ ಗ್ಯಾಸ್ ಬಂದ್ ಮಾಡಿದಳು. ಮಣ್ಣಾಗುವವರೆಗೆ ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಆಗಲೇ ಕಟ್ಟೆಯ ಮೇಲಿದ್ದ ದೊಡ್ಡ ಪಾತ್ರೆ ಅವಳ ಕಣ್ಣಿಗೆ ಬಿತ್ತು. ರಾಗಿ ಬೆರೆಸಿದ ಹಿಟ್ಟು ಉಬ್ಬಿ, ಮುಚ್ಚಿದ್ದ ಒದ್ದೆಬಟ್ಟೆಯನ್ನೇ ಎತ್ತಿ ನಿಂತಿತ್ತು.

"ಅಣ್ಣ, ಇದೇನಿದು? ಚೆಲ್ಬುಡ್ಲಾ?"

"ಚೆಲ್ಬೇಡಿ ಕಣವ್ವೋ!" ಎಂದು ಗೇಟಿನಾಚೆಯಿಂದ ಒಂದು ದನಿ ಕೂಗಿತು.

ಬದನಗುಪ್ಪೆಯ ಮರಿತಾಯಮ್ಮ. ಹೊಲದ ಕೂಲಿಗೆ ಹೋಗುವ ಹತ್ತು ಹೆಂಗಸರ ಸಂಘ ಕಟ್ಟಿಸಿ, ಭಾನುವಾರಗಳಂದು ಕಾವ್ಯಶ್ರೀ ಇದೇ ಅಡುಗೆಮನೆಯಲ್ಲಿ ಅವರಿಗೆ ರಾಗಿ ಬನ್ನು ಮಾಡುವುದನ್ನು ಕಲಿಸುತ್ತಿದ್ದಳು. ಅವರು ಬಂದಾಗ ಗಂಗಾಧರಸ್ವಾಮಿಯವರು ಬೇಡವೆನ್ನುತ್ತಿರಲಿಲ್ಲ, ಬನ್ನಿ ಎನ್ನುತ್ತಲೂ ಇರಲಿಲ್ಲ. ಪೂಜೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಈ ದಿನ ಬನ್ನು ಸುಡಲೆಂದೇ ಬಂದವಳಿಗೆ ಗೇಟಿನ ಬಳಿ ಸುದ್ದಿ ಸಿಕ್ಕಿತ್ತು.

"ಬುದ್ಧೀ, ಮೇಡಮ್ಮೋರು ವತ್ತಾರೆ ಕಲ್ಸಿಟ್ಟೋಗವ್ರೆ," ಎಂದಳು ಅಳುತ್ತಲೇ. "ಮೊದಲ್ನೇ ಪಿರೀಡು ಮುಗ್ಸಿ ರಜ ಆಕಿ ಬತ್ತೀನಿ, ಹನ್ನೊಂದೂವರ್ಗೆ ಸುಡನ ಅಂದಿದ್ರು. ಮೂರ್ ಗಂಟ್ಗೆ ಫ್ಯಾಕ್ಟ್ರಿ ಕ್ಯಾಂಟೀನ್‌ನೋರು ರುಚಿ ನೋಡ್ತಾರೆ. ಇವತ್ತು ತಪ್ಪುದ್ರೆ ಆರ್ಡ್ರು ಬ್ಯಾರೆ ಬೇಕ್ರಿಯೋರ್ಗೆ ಓಯ್ತದೆ. ಹತ್ ಮನೆ ಕಣ ಬುದ್ಧಿ."

"ನಾಚ್ಕೆ ಆಗಲ್ವೇನಮ್ಮಿ?" ಗುರುಮಲ್ಲಮ್ಮ ಸಿಡುಕಿದಳು. "ಹೆಣ ಇನ್ನೂ ಮನೆಗ್ ಬಂದಿಲ್ಲ, ಬನ್ ಸುಡ್ಬೇಕಂತೆ! ಕರೆಂಟಿನ ಒಲೆಯಾದ್ರೂ ಒಲೆ ಒಲೆನೇ."

ಗಂಗಾಧರಸ್ವಾಮಿಯವರು ಎದ್ದು ಅಡುಗೆಮನೆಗೆ ಹೋದರು. ಓವನ್ನಿನ ಪಕ್ಕದಲ್ಲಿ ಮಗಳ ನೋಟ್‌ಬುಕ್ಕಿತ್ತು. ಶಾಲೆಯ ಪ್ರಯೋಗಗಳನ್ನು ಬರೆಸುವಂತೆಯೇ ಬರೆದಿದ್ದಳು: ಹಿಟ್ಟೆಷ್ಟು, ನೀರೆಷ್ಟು, ಶಾಖವೆಷ್ಟು, ಫಲಿತಾಂಶವೇನು. 'ಹದಿನಾರನೇ ಪ್ರಯೋಗ. ಮೇಲೆ ಬಿರುಕು. ಅಪ್ಪಾಜಿ ತಿನ್ನಲಿಲ್ಲ.' ಅದರ ಕೆಳಗೆ, 'ಹದಿನೇಳನೇ ಪ್ರಯೋಗ. ಬಿರುಕಿಲ್ಲ, ಮೃದು. ಅಪ್ಪಾಜಿ ತಿನ್ನಲಿಲ್ಲ.'

ತಿನ್ನದಿದ್ದುದಕ್ಕೆ ಕಾರಣವಿತ್ತು. ಹಿಟ್ಟಿಗೆ ಹಾಕುವ ಈಸ್ಟ್ ಎಂದರೇನೆಂದು ಒಮ್ಮೆ ಕೇಳಿ ಕೆಟ್ಟಿದ್ದರು. "ಅದು ಜೀವ ಅಪ್ಪಾಜಿ, ಉಸಿರಾಡ್ತದೆ. ಅದಕ್ಕೇ ಹಿಟ್ಟು ಉಬ್ಬೋದು," ಎಂದಿದ್ದಳು. ಜೀವವಿರುವುದನ್ನು ಸುಟ್ಟು ತಿನ್ನುವುದೇ, ಶಿವಶಿವಾ ಎಂದು ಇವರು ತಟ್ಟೆ ಸರಿಸಿದ್ದರು. "ಮೊಸರಲ್ಲೂ ಜೀವ ಅದೆ," ಎಂದು ಅವಳು ನಕ್ಕಾಗ ಎಂಟು ದಿನ ಮೊಸರನ್ನೂ ಬಿಟ್ಟು, ಒಂಬತ್ತನೆಯ ದಿನ ಯಾರಿಗೂ ಹೇಳದೆ ಮತ್ತೆ ಶುರು ಮಾಡಿದ್ದರು. ಬನ್ನನ್ನು ಮಾತ್ರ ಮುಟ್ಟಲಿಲ್ಲ. ಹಗಲೆಲ್ಲ ಪಾಠ, ಸಂಜೆ ಎಲ್ಲೋ ಎಳೆ ಹುಡುಗಿಗೆ ಗೊತ್ತಾದ ಮದುವೆ ನಿಲ್ಲಿಸಲು ಓಡಾಟ, ಮನೆಗೆ ಬಂದರೆ ಈ ಹಿಟ್ಟು. ಯಾವುದಾದರೂ ಒಂದು ಸಾಲದೇನವ್ವ ಎಂದರೆ, "ದಿನಕ್ಕೊಂದು ಪೂಜೆ ಸಾಲ್ದಾ ಅಂತ ನಾನು ನಿಮ್ಮನ್ನ ಕೇಳಿದ್ನಾ?" ಎನ್ನುತ್ತಿದ್ದಳು.

ಅವರು ಪಾತ್ರೆಯ ಬಟ್ಟೆ ಸರಿಸಿದರು. ಹಿಟ್ಟಿನ ಮೇಲೆ ಒಂದು ಗುಳ್ಳೆ ಮೆಲ್ಲಗೆ ಎದ್ದು ಒಡೆಯಿತು.

"ಗುರೂ," ಎಂದರು ತಂಗಿಗೆ. ದನಿ ಗಟ್ಟಿಯಾಗಿತ್ತು. "ಇದ್ರಲ್ಲಿ ಜೀವ ಅದೆ ಅಂತ ಅವಳೇ ಹೇಳಿದ್ಲು. ಸಾವಾದ ಮನೇಲಿ ಒಲೆ ಹಚ್ಬಾರ್ದು, ಸರಿ. ಸಾವಾದ ಮನೇಲಿ ಇನ್ನೊಂದು ಜೀವ ಚೆಲ್ಬೋದು ಅಂತ ಯಾವ ಶರಣರು ಹೇಳವ್ರೆ, ತೋರ್ಸು."

ಗುರುಮಲ್ಲಮ್ಮ ಬಂದು ಪಾತ್ರೆಗೆ ಮತ್ತೆ ಬಟ್ಟೆ ಮುಚ್ಚಿದಳು.

ಅವರು ತಾವೇ ಹೋಗಿ ಗೇಟು ತೆಗೆದರು. "ಒಳಕ್ ಬಾ ಮರಿತಾಯಮ್ಮ. ಅಳೋದು ಆಮ್ಯಾಕೆ ಎಲ್ಲಾರೂ ಸೇರಿ ಅಳನ. ಹೊತ್ತಾಯ್ತು, ಓವನ್ ಹಚ್ಚು."

"ಇಷ್ಟು ಜನದೆದ್ರಿಗೆ, ನಾನು ಅಡ್ಗೆಮನೆಗೆ... ಬುದ್ಧೀ..."

"ಅಡುಗೆಮನೆ ಅವಳ್ದು. ಅವಳು ಕರ್ದಿರೋಳು ನೀನು. ನಾನ್ಯಾರು ಬ್ಯಾಡ ಅನ್ನಕ್ಕೆ? ನಡಿ."

ಕಾವ್ಯಶ್ರೀಯನ್ನು ಕರೆತಂದು ಹಜಾರದಲ್ಲಿ ಕೂರಿಸಿದಾಗ ಹೂವು, ವಿಭೂತಿಗಳ ಜೊತೆಗೆ ಬೆಂದ ರಾಗಿಯ ಘಮವೂ ಮನೆಯಲ್ಲಿತ್ತು. ಬಂದವರು ಮುಖ ಮುಖ ನೋಡಿಕೊಂಡರು.

ಸಂಜೆ ಮಣ್ಣಾಗಿ ಜನ ಚದುರುವಾಗ, ತೋಟದ ಮೂಲೆಯ ಹಸಿ ಸಮಾಧಿಯ ಬಳಿಗೆ ಮರಿತಾಯಮ್ಮ ಏದುಸಿರು ಬಿಡುತ್ತ ಬಂದಳು. "ಒಪ್ಕೊಂಡ್ರು ಅಪ್ಪಾಜಿ. ಸೋಮ್ವಾರದಿಂದ ದಿನಾ ಇನ್ನೂರು ಬನ್ನು." ಸೆರಗಿನ ಗಂಟು ಬಿಚ್ಚಿ, ಉಳಿಸಿ ತಂದಿದ್ದ ಒಂದನ್ನು ಅವರ ಮುಂದೆ ಹಿಡಿದಳು.

ಗಂಗಾಧರಸ್ವಾಮಿಯವರು ಕೊರಳ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡರು. ಬನ್ನಿನ ಒಂದು ಚೂರು ಮುರಿದು ಲಿಂಗಕ್ಕೆ ಅರ್ಪಿಸಿ, ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದರು. ಆಮೇಲೆ ಹಸಿಮಣ್ಣಿನ ಕಡೆಗೆ ಬಾಗಿದರು.

"ಬರ್ಕೊ ಕಣವ್ವ. ಹದಿನೆಂಟ್ನೇ ಪ್ರಯೋಗ. ಅಪ್ಪಾಜಿ ತಿಂದ್ರು."

ಕಣ್ಣು ಮುಚ್ಚಿದರು. "ಮಾದಪ್ಪಾ, ನನ್ನ ಮಗಳು ನಿನ್ನ ಹತ್ರ ಬತ್ತಾವ್ಳೆ. ಸುಮ್ನೆ ಕೂರೋಳಲ್ಲ. ನಿನ್ನ ಪಾದದಡೀಲಿ ಅವಳನ್ನ ನೆಮ್ಮದಿಯಾಗಿ ಮಡಿಕೊ, ತಂದೆ."