ಕೆಂಪು ಬಾಣ

"ಅಲೆ ಬಡಿಯೋ ಕಡೆ ಇರೋ ಹುಳ ಮಾತ್ರ ಇಷ್ಟು ಆಳಕ್ಕೆ ಬಿಲ ತೋಡುತ್ತೆ. ಈ ಕಲ್ಲು ಸಿಕ್ಕ ಜಾಗದಲ್ಲಿ ಆಗ ಸಮುದ್ರ ಸೊಂಟದಷ್ಟು ಆಳ ಇತ್ತು ಸಾರ್, ಅಷ್ಟೇ," ಎಂದು ಇಬ್ಬರು ಸಂಶೋಧಕಿಯರಲ್ಲಿ ಕಿರಿಯವಳು, ಮೇಜಿನ ಮೇಲಿದ್ದ ಕಲ್ಲಿನಲ್ಲಿ ಅಚ್ಚಾಗಿ ಉಳಿದಿದ್ದ ಹಳೇ ಬಿಲವನ್ನು ತೋರಿಸಿದಳು. ಭೂವಿಜ್ಞಾನ ವಿಭಾಗದ ಮುಖ್ಯಸ್ಥರು ತಲೆದೂಗಿದರು. ಹಿರಿಯವಳಿಗೆ ಹೊಟ್ಟೆ ಉರಿಯಿತು. ಇಪ್ಪತ್ತು ವರ್ಷ ಗುಡ್ಡ ಸುತ್ತಿ ಕಲ್ಲು ಹೊತ್ತವಳು ತಾನು, ಶಹಬ್ಬಾಸ್ ಮಾತ್ರ ನಿನ್ನೆ ಮೊನ್ನೆ ಬಂದವಳಿಗೆ.

ಅಷ್ಟರಲ್ಲಿ ಕಲ್ಲಿನ ಮಗ್ಗುಲಲ್ಲಿ ಬರೆದಿದ್ದ ಕೆಂಪು ಬಾಣ ಕಂಡಿತು. ಬಂಡೆಯಿಂದ ಕೀಳುವ ಮೊದಲು, ಮೇಲ್ಭಾಗ ಯಾವುದೆಂದು ಮರೆಯದಿರಲು ಹಾಕುವ ಗುರುತು ಅದು. ಈಗ ನೆಲ ತೋರಿಸುತ್ತಿತ್ತು.

"ಕಲ್ಲನ್ನೇ ತಲೆಕೆಳಗಾಗಿ ಇಟ್ಟಿದ್ದೀಯಲ್ಲಮ್ಮ," ಎಂದಳು ಹಿರಿಯವಳು, ಜೇನು ಸವರಿದ ದನಿಯಲ್ಲಿ. "ಬಾಣ ನೋಡ್ಲಿಲ್ವಾ?"

"ನೋಡ್ದೆ ಅಕ್ಕ. ಆದ್ರೆ ಈ ಬಿಲ ಲಾಳದ ಹಾಗೆ ಬಾಗಿದೆ. ಅದರ ಎರಡೂ ಬಾಯಿ ಮೇಲೆ, ನೀರಿನ ಕಡೆಗೇ ಇರ್ಬೇಕಲ್ವಾ? ಬಾಣ ನಂಬಿದ್ರೆ ಎರಡೂ ಕೆಳಗೆ, ಮಣ್ಣಿನ ಕಡೆ ತಿರುಗುತ್ವೆ. ಬಾಣವೇ ತಪ್ಪು."

ಮುಖ್ಯಸ್ಥರು ಕನ್ನಡಕ ಏರಿಸಿದರು. "ಇದನ್ನ ಹಾಕಿದ್ದು ಯಾರು?"

"ನಾನೇ ಸಾರ್, ಅವಸರದಲ್ಲಿ," ಎನ್ನುತ್ತಾ ಕಿರಿಯವಳು ಬಾಣದ ಪಕ್ಕ ಬರೆದಿದ್ದ ತಾರೀಖಿನ ಮೇಲೆ ಅಂಗೈ ಇಟ್ಟಳು. ಆ ಬೆರಳುಗಳ ಸಂದಿಯಲ್ಲಿ ಹಿರಿಯವಳಿಗೆ ತನ್ನದೇ ಕೈಬರಹ ಕಂಡಿತು.

ದೊಡ್ಡತನವನ್ನೂ ಇವಳೇ ಹೊಡೆದುಕೊಂಡಳಲ್ಲ ಎಂದು ಅವಳು ಹಲ್ಲು ಕಚ್ಚಿದಳು.