ಮುತ್ತಜ್ಜಿಯ ಹಾಡಿಗೆ ಸಿಕ್ಕ ಬೈಗುಳ

ಪೆರ್ಪೆಟುವಾಳ ಕೈಯಲ್ಲಿದ್ದ ಕಾಫಿ ಬಟ್ಟಲನ್ನು ಕೊಂದೊ ಎಂಬ ಮುದುಕ ಕಿತ್ತುಕೊಂಡ. "ಏಳು ಮೇಲೆ. ಆ ಕುರ್ಚಿ ಇರೋದು ಮನುಷ್ಯರಿಗೆ."

ಸ್ವಲ್ಪ ಹೊತ್ತಿನ ಹಿಂದೆ ಅದೇ ಕುರ್ಚಿಯನ್ನು ಒರೆಸಿ, "ಕೂತ್ಕೊಳ್ಳಿ ತಾಯಿ" ಎಂದವನೂ ಅವನೇ. ಅವಳ ಡ್ರೈವರ್ ಮಾತ್ರ ಪಕ್ಕದಲ್ಲಿ ಇನ್ನೂ ರಾಜಮರ್ಯಾದೆಯಲ್ಲಿ ಕಾಫಿ ಹೀರುತ್ತಿದ್ದ. ನಡುವೆ ನಡೆದದ್ದು ಇಷ್ಟೆ: ಮುತ್ತಜ್ಜಿಯಿಂದ ಬಂದ ಹಾಡೊಂದನ್ನು ಅವಳು ಹಾಡಿ ತೋರಿಸಿದ್ದಳು.

ಇದೇ ಕರಾವಳಿಯ ಬಗಾಮೊಯೊ ಊರಿನ ಪಾದ್ರಿಗಳು ಆ ಮುತ್ತಜ್ಜಿಯನ್ನು ಗುಲಾಮರ ಸಂತೆಯಲ್ಲಿ ಕೊಂಡು ಬಿಡಿಸಿದ್ದರು. ಬಿಡುಗಡೆಯೆಂದರೆ ಅವರ ತೆಂಗಿನ ತೋಟದಲ್ಲಿ ಕತ್ತಲಾಗುವ ತನಕ ಗುದ್ದಲಿ ಹಿಡಿಯುವುದು. ಹೊಸ ಹೆಸರಿಟ್ಟರು, ಹಳೆಯದನ್ನು ಯಾರೂ ಕೇಳಲಿಲ್ಲ. ನೈರೋಬಿಯಲ್ಲಿ ಇತಿಹಾಸ ಕಲಿಸುವ ಮರಿಮಗಳು ಮಿಷನ್ನಿನ ದುಡಿಮೆಯ ಚರಿತ್ರೆಯನ್ನೆಲ್ಲ ಬರೆದು ಮುಗಿಸಿದ್ದಳು. ಮುತ್ತಜ್ಜಿ ಯಾವ ಜನದವಳು ಎಂಬುದೊಂದೇ ಸಿಕ್ಕಿರಲಿಲ್ಲ. ಉಳಿದದ್ದು ಆ ಹಾಡು. ಅದರ ಒಂದು ಪದವೂ ಮನೆಯಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ತೋಟದ ಪಕ್ಕದಲ್ಲೇ ಹುಟ್ಟಿ ಬೆಳೆದ ಮುದುಕನಿಗಾದರೂ ಗೊತ್ತಿದ್ದೀತು ಎಂದು ಇಷ್ಟು ದೂರ ಬಂದಿದ್ದಳು.

"ಕತ್ತೆ ಸಿಗದಿದ್ದಾಗ ನಿಮ್ಮೋರ ಬೆನ್ನ ಮೇಲೆ ಮೂಟೆ ಹೇರ್ತಿದ್ವಿ," ಎಂದ ಮುದುಕ. "ಸಮುದ್ರ ನೋಡಿ, ಇಷ್ಟು ದೊಡ್ಡ ಕೆರೆ ಯಾರು ತೋಡಿದ್ರು ಅಂತ ಕೇಳಿದ ಗುಗ್ಗುಗಳು. ನೀನು ಬೇರೆ ಪುಸ್ತಕ ಬರೀತೀಯಾ?"

ಅಂಗಳದಲ್ಲಿ ಮೀನು ಸೀಳುತ್ತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ಪೆರ್ಪೆಟುವಾಳ ಮೈ ಉರಿಯಿತು. ಗುಲಾಮಳ ಹಾಡು ಕಿವಿಗೆ ಬಿದ್ದದ್ದೇ ತಡ, ಇವರ ನಿಜವಾದ ಬಣ್ಣ ಹೊರಬಿತ್ತು. ನೂರು ವರ್ಷವಾದರೂ ಇವರ ಕೊಬ್ಬು ಇಳಿದಿಲ್ಲ.

"ನೀವು ಸತ್ತರೂ ನಾನು ಈ ಅಂಗಳಕ್ಕೆ ಕಾಲಿಡಲ್ಲ," ಎಂದಳು.

"ಬರದೆ ಎಲ್ಲಿಗೆ ಹೋಗ್ತೀಯಾ? ನನ್ನ ಗುಂಡಿ ನೀನೇ ಬಂದು ತೋಡ್ಬೇಕು."

ಅವಳು ಚೀಲ ಎತ್ತಿಕೊಂಡು ದಡದಡನೆ ಹೊರಟಳು. ಕಣ್ಣಲ್ಲಿ ನೀರು ತುಂಬಿ ದಾರಿ ಮಸುಕಾಗಿತ್ತು. ಕಾರಿನ ಹತ್ತಿರ ಮುದುಕನ ಸೊಸೆ ತಾಬು ಓಡಿ ಬಂದು ಕೈ ಹಿಡಿದಳು.

"ಬೇಜಾರಾಯ್ತಾ ಅಕ್ಕ?"

"ಇಷ್ಟು ಬೈಸಿಕೊಂಡು ಬೇಜಾರಾಗದೆ ಇರುತ್ತಾ?"

"ನಮ್ಮ ಮಾವ ಹೊರಗಿನೋರನ್ನ ಒಂದು ಮಾತೂ ಅನ್ನಲ್ಲ, ಅಕ್ಕ. ನಾವು ಝರಾಮೊಗಳು ಹೀಗೆ ಮುಖದ ಮೇಲೆ ಬೈಯೋದು, ಸತ್ತಾಗ ಗುಂಡಿ ತೋಡೋಕೆ ಕರೆಯೋದು, ತಲೆತಲಾಂತರದಿಂದ ನಮಗೆ ತಮಾಷೆಯ ನೆಂಟರಾದ ಒಳನಾಡಿನ ನ್ಯಾಮ್ವೇಜಿ ಜನರನ್ನ ಮಾತ್ರ. ನೀವು ಹಾಡಿದ್ದು ಅವರ ಹಾಡು."